ಬ್ಯಾಕ್‌ಸ್ಟ್ರೀಟ್ ಬಾಯ್ಸ್ ನೋಡಲು ಹುಬ್ಬಳ್ಳಿಯಿಂದ ಮುಂಬೈಗೆ: ನಾನು, ನಮ್ಮಕ್ಕ, ಇನ್ನೂರು ಪುಟದ ನೋಟ್‌ಬುಕ್

ಇನ್ನೂರು_ಪುಟ
7 ಮೇ 2023

ಇಲ್ಲಿ ನಾನು ಓದೋದೇ ಜಾಸ್ತಿ, ಬರೆಯೋದು ಕಡಿಮೆ. ಆದರೆ ಮೂರು ದಿನದಿಂದ ಒಂದೇ ಕಥೆ ಹೇಳಿ ಹೇಳಿ ಮನೆಯವರಿಗೆಲ್ಲ ಸಾಕಾಗಿದೆ. ಇನ್ನು ನಿಮ್ಮ ಪಾಳಿ.

ಗುರುವಾರ, ಮೇ 4ಕ್ಕೆ, ಮುಂಬೈ ಬಿಕೆಸಿಯ ಜಿಯೋ ವರ್ಲ್ಡ್ ಗಾರ್ಡನ್‌ನಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಅನ್ನುವ ಅಮೆರಿಕದ ಐವರ ಪಾಪ್ ತಂಡದ ಕಾರ್ಯಕ್ರಮ ಇತ್ತು. ಮರುದಿನ ಗುರುಗ್ರಾಮದಲ್ಲಿ. ಬೆಂಗಳೂರಿಗೆ ಬರಲಿಲ್ಲ. ಬಂದಿದ್ದರೂ ಹುಬ್ಬಳ್ಳಿಯಿಂದ ಅದೂ ಒಂದು ರಾತ್ರಿ ಬಸ್ಸು, ಇದೂ ಒಂದು ರಾತ್ರಿ ಬಸ್ಸು.

ಮೊದಲು 1999ಕ್ಕೆ ಹೋಗಬೇಕು. ನಾನು ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಅಕ್ಕ ಪಿಯುಸಿ. ದಸರಾ ರಜೆಗೆ ಡೊಂಬಿವಲಿಯಿಂದ ದೊಡ್ಡಮ್ಮನ ಮಗ ಬಂದ. ಅವನ ಬ್ಯಾಗಲ್ಲಿ ಈ ತಂಡದ ‘ಮಿಲೆನಿಯಂ’ ಆಲ್ಬಂ ಕ್ಯಾಸೆಟ್ ಇತ್ತು. ನೀಲಿ ಕವರು, ಬಿಳಿ ಬಟ್ಟೆ ಹಾಕಿದ ಐದು ಹುಡುಗರು. ಮುಟ್ಟಲಿಕ್ಕೆ ಬಿಟ್ಟ, ಇಟ್ಟುಕೊಳ್ಳಲು ಕೊಡಲಿಲ್ಲ. ಅವನು ವಾಪಸ್ ಹೋಗುವ ಹಿಂದಿನ ದಿನ ದುರ್ಗದ ಬೈಲ್ ಹತ್ತಿರದ ಒಂದು ಕ್ಯಾಸೆಟ್ ಅಂಗಡಿಗೆ ಓಡಿದೆವು. ಖಾಲಿ ಕ್ಯಾಸೆಟ್‌ಗೆ ಕಾಪಿ ಮಾಡಿಸಿದೆವು. ಈಗ ಕೇಸ್ ಹಾಕಬೇಡಿ, ಅಂಗಡಿಯೂ ಇಲ್ಲ, ಅಂಗಡಿಯವರೂ ಇಲ್ಲ.

ಕಾಪಿ ಅಂದಮೇಲೆ ಸಾಹಿತ್ಯದ ಹಾಳೆ ಇಲ್ಲ. ಅಕ್ಕ ಟೇಪ್ ನಿಲ್ಲಿಸಿ ನಿಲ್ಲಿಸಿ ಕೇಳೋದು, ನಾನು ಬರೆಯೋದು. ಇನ್ನೂರು ಪುಟದ ನೋಟ್‌ಬುಕ್, ಎಲ್ಲ ಕನ್ನಡ ಅಕ್ಷರದಲ್ಲಿ. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆದೆ. ‘ಐ ವಾಂಟ್ ಇಟ್ ದಟ್ ವೇ’ ಹಾಡಿನಲ್ಲಿ ‘ಹಾರ್ಟೇಕ್’ (ಎದೆಯ ನೋವು) ಅನ್ನುವ ಪದ ಬರುತ್ತಲ್ಲ, ಅದು ನಮ್ಮ ಪುಸ್ತಕದಲ್ಲಿ ‘ಹಾರ್ಡೆಗ್’. ಗಟ್ಟಿ ಮೊಟ್ಟೆ! ಎಷ್ಟೋ ವರ್ಷ ನಾವು ಮೊಟ್ಟೆ ಅಂತಲೇ ಹಾಡಿದೆವು. ನಮ್ಮದು ಮೊಟ್ಟೆ ತಿನ್ನದ ಮನೆ, ಅದಕ್ಕೇ ಅಕ್ಕ ಆ ಜಾಗ ಬಂದಾಗ ಸ್ವಲ್ಪ ದನಿ ತಗ್ಗಿಸುತ್ತಿದ್ದಳು.

ಒಮ್ಮೆ ಧೈರ್ಯ ಮಾಡಿ ಇಂಗ್ಲಿಷ್ ಸರ್‌ಗೆ ಆ ಪುಟ ತೋರಿಸಿ ಅರ್ಥ ಕೇಳಿದೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದರು. “ಇದಕ್ಕೆ ಅರ್ಥ ಇಲ್ಲವ್ವಾ” ಅಂದರು. ನನ್ನ ಬರವಣಿಗೆಯ ತಪ್ಪು ಅಂದುಕೊಂಡೆ.

ಇನ್ನೊಂದು ಮಾತು ಮರೆತೆ. ನಮ್ಮ ಕ್ಯಾಸೆಟ್ ‘ಲಾರ್ಜರ್ ದ್ಯಾನ್ ಲೈಫ್’ನಿಂದ ಶುರು. ಕೊನೆಗೆ ‘ದ ಪರ್ಫೆಕ್ಟ್ ಫ್ಯಾನ್’, ತಂಡದ ಬ್ರಯಾನ್ ತನ್ನ ತಾಯಿಗಾಗಿ ಬರೆದ ಹಾಡು. ಅದು ಮುಗಿಯುತ್ತೆ, ಎರಡು ಸೆಕೆಂಡ್ ಸುಯ್ ಅನ್ನುವ ಸದ್ದು, ಆಮೇಲೆ ಅಣ್ಣಾವ್ರು! ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’. ಅಂಗಡಿಯವರು ಉಳಿದ ಟೇಪಿಗೆ ಅದನ್ನು ತುಂಬಿಸಿದ್ದರು. ಹಾಗಾಗಿ ನಮ್ಮ ತಲೆಯಲ್ಲಿ ‘ಮಿಲೆನಿಯಂ’ ಆಲ್ಬಂಗೆ ಹದಿಮೂರು ಹಾಡು.

ಸರಿ, 2023. ನಾನೀಗ ಸರ್ಕಾರಿ ಪ್ರೌಢಶಾಲೆ ಟೀಚರ್. ಬರುವ ಬುಧವಾರ ಮತದಾನ, ನಾನು ಎಪಿಆರ್‌ಒ, ಅಂದರೆ ಮತಗಟ್ಟೆಯ ಸಹಾಯಕ ಅಧಿಕಾರಿ. ತರಬೇತಿ ಶನಿವಾರ ಇತ್ತು. ಗುರುವಾರ ಇದ್ದಿದ್ದರೆ ಈ ಪೋಸ್ಟೇ ಇರುತ್ತಿರಲಿಲ್ಲ. ಟಿಕೆಟ್ ಅದೇ ಡೊಂಬಿವಲಿ ಅಣ್ಣ ತೆಗೆದಿದ್ದ. ಬೆಲೆ ಬರೆಯಲ್ಲ, ನಮ್ಮವರು ಇಲ್ಲಿ ಇಣುಕುತ್ತಾರೆ.

ಕಳೆದ ಬುಧವಾರ ರಾತ್ರಿ ಬಸ್ಸು. ನಿಪ್ಪಾಣಿ ದಾಟಿ ಕೊಗನೊಳ್ಳಿ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿದರು. ಚುನಾವಣೆ ಅಲ್ವಾ, ದುಡ್ಡು ಹುಡುಕುತ್ತಿದ್ದರು. ಒಬ್ಬ ಪೊಲೀಸಪ್ಪ ನನ್ನ ಬ್ಯಾಗ್ ಬಿಚ್ಚಿಸಿದ. ಮೇಲೆಯೇ ನೋಟ್‌ಬುಕ್. ತೆರೆದು ಟಾರ್ಚ್ ಬಿಟ್ಟು ಓದಿದ. ಕನ್ನಡ ಅಕ್ಷರ, ಆದರೆ ಒಂದೂ ಪದ ತಿಳಿಯುತ್ತಿಲ್ಲ. ಇನ್ನೊಂದು ಪುಟ ತಿರುವಿದ. “ಇದೇನ್ರೀ ಮ್ಯಾಡಮ್, ಕೋಡ್ ಭಾಷೆ?” ಅಂದ. ಅಕ್ಕ ಹಿಂದಿನ ಸೀಟಿನಿಂದಲೇ ಹಾಡಿ ತೋರಿಸಿದಳು. ಅರ್ಧ ಬಸ್ಸು ಎದ್ದಿತು. ಅವನು ಪುಸ್ತಕ ವಾಪಸ್ ಕೊಟ್ಟು ಸುಮ್ನೆ ಇಳಿದುಹೋದ.

ಉಳಿದದ್ದು ನಾಳೆ. ಕೈ ನೋಯುತ್ತಿದೆ.

ಕುಡ್ಲದ_ಮೀನು

ನಾಳೆ ಅಂದರೆ ಏನು? ಧಾರಾವಾಹಿನಾ? ಈಗಲೇ ಬರೆಯಿರಿ.

ಕ್ಯಾಸೆಟ್_ಮಾಮ

ತಂಗೀ, ಓದಿ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ದಾವಣಗೆರೆಯಲ್ಲಿ 1988ರಿಂದ 2006ರವರೆಗೆ ನನ್ನದೂ ಕ್ಯಾಸೆಟ್ ಅಂಗಡಿ ಇತ್ತು. ಆ ಹದಿಮೂರನೇ ಹಾಡಿನ ಗುಟ್ಟು ಹೇಳುತ್ತೇನೆ.

ನಿಮಗೆ ಕೊಟ್ಟದ್ದು ‘60’ ಕ್ಯಾಸೆಟ್ ಇರಬೇಕು. ಒಂದು ಮಗ್ಗುಲಿಗೆ ಅರ್ಧ ಗಂಟೆ. ಆ ಆಲ್ಬಂ ಎಲ್ಲ ಸೇರಿ 45 ನಿಮಿಷದ ಮೇಲೆ ಸ್ವಲ್ಪ. ಅರ್ಧರ್ಧ ಹಂಚಿದರೆ ಎರಡನೇ ಮಗ್ಗುಲಲ್ಲಿ ಏಳೆಂಟು ನಿಮಿಷ ಉಳಿಯುತ್ತೆ. ಖಾಲಿ ಬಿಟ್ಟರೆ ಗಿರಾಕಿ ಮರುದಿನ ಜಗಳಕ್ಕೆ ಬರುತ್ತಿದ್ದ: “ಪೂರ್ತಿ ತುಂಬಿಸಿಲ್ಲ, ದುಡ್ಡು ಪೂರ್ತಿ ತಗೊಂಡಿದೀರಿ.” ಅದಕ್ಕೇ ಉಳಿದ ಜಾಗಕ್ಕೆ ಕೈಗೆ ಸಿಕ್ಕ ಹಾಡು ಹಾಕುತ್ತಿದ್ದೆವು. ಇಂಗ್ಲಿಷ್ ಕ್ಯಾಸೆಟ್ ಮಾಡಿಸುವ ಹುಡುಗರಿಗೆ ಬೇಕೆಂದೇ ಅಣ್ಣಾವ್ರ ಹಾಡು ಹಾಕುವವರೂ ಇದ್ದರು. ನಾನೂ ಹಾಕಿದ್ದೇನೆ. ಹುಬ್ಬಳ್ಳಿ ಅಂಗಡಿಯವರು ‘ಆಕಸ್ಮಿಕ’ದ ಹಾಡು ಆರಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಆ ಹಾಡಿನ ಚಿತ್ರೀಕರಣ ನಿಮ್ಮೂರಲ್ಲೇ ಆಗಿದ್ದು, ಜಟಕಾ ಬಂಡಿ ಮೇಲೆ.

ಜಯನಗರ_4ನೇ_ಬ್ಲಾಕ್

ನಮಗೆ ಬೆಂಗಳೂರಿನವರಿಗೆ ಇಷ್ಟು ಕಷ್ಟ ಇರಲಿಲ್ಲ ಬಿಡಿ, ಬ್ರಿಗೇಡ್ ರೋಡಿಗೆ ಹೋದರೆ ಒರಿಜಿನಲ್ ಸಿಗುತ್ತಿತ್ತು. ಆದರೆ ಈಗ ನಮಗೂ ಬೇಜಾರು. ಒಂದು ಕಾಲದಲ್ಲಿ ಎಲ್ಲರೂ ಇಲ್ಲಿಗೇ ಬರುತ್ತಿದ್ದರು. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಅರಮನೆ ಮೈದಾನದಲ್ಲಿ ಮಳೆಯಲ್ಲೇ ನುಡಿಸಿದರು, ನಾನು ಕೆಸರಲ್ಲಿ ಚಪ್ಪಲಿ ಕಳೆದುಕೊಂಡೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಪಾಪ್ ತಂಡದವರಿಗೆ ಮಾತ್ರ ನಮ್ಮ ವಿಳಾಸ ಗೊತ್ತಿಲ್ಲ ಅನ್ನಿಸುತ್ತೆ.

ಸುಮ್ನೆ_ಬಂದೆ

ಐವತ್ತು ವರ್ಷದ “ಬಾಯ್ಸ್”. ಹೆಸರು ಬದಲಿಸುವ ಟೈಮ್ ಬಂದಿಲ್ವಾ?

ಇನ್ನೂರು_ಪುಟ
8 ಮೇ 2023

@ಸುಮ್ನೆ_ಬಂದೆ, ತಂಡದಲ್ಲಿ ಐವತ್ತು ದಾಟಿದ್ದು ಕೆವಿನ್ ಒಬ್ಬರೇ. ನಿಕ್‌ಗೆ 43. 1993ರ ಏಪ್ರಿಲ್ 20ಕ್ಕೆ ಅಮೆರಿಕದ ಒರ್ಲ್ಯಾಂಡೊದಲ್ಲಿ ತಂಡ ಶುರುವಾದಾಗ ನಿಕ್ 13 ವರ್ಷದ ಹುಡುಗ. ಮುಂಬೈಗೆ ಬರುವ ಎರಡು ವಾರದ ಹಿಂದಷ್ಟೇ ತಂಡಕ್ಕೆ 30 ವರ್ಷ ತುಂಬಿತ್ತು. ನಮ್ಮಲ್ಲಿ ಎಪ್ಪತ್ತಾದವರನ್ನೂ ‘ಯುವ ನಾಯಕ’ ಅಂತೀವಿ, ಇವರನ್ನು ಬಾಯ್ಸ್ ಅಂದರೆ ಏನಾಯ್ತು?

@ಕ್ಯಾಸೆಟ್_ಮಾಮ, ಏಳೆಂಟು ನಿಮಿಷ ಅಂತ ಹೇಗೆ ಹೇಳಿದಿರಿ? ಸರಿಯಾಗಿದೆ! ಅಣ್ಣಾವ್ರ ಹಾಡು ಮುಗಿದು ಇನ್ನೊಂದು ಹಾಡು ಶುರುವಾಗಿ ಪಲ್ಲವಿಯ ನಡುವೆಯೇ ಟಕ್ ಅಂತ ನಿಲ್ಲುತ್ತಿತ್ತು.

ಈಗ ಆ ಸಂಜೆ.

ಡೊಂಬಿವಲಿಯಿಂದ ಲೋಕಲ್‌ನಲ್ಲಿ ಕುರ್ಲಾ, ಅಲ್ಲಿಂದ ಆಟೋ. ಮೇ ತಿಂಗಳ ಮುಂಬೈ. ಅಕ್ಕ ಆಟೋದಲ್ಲೇ “ಏನ ಶೆಕಿ ಅದ ಲೇ, ಹಾಡ ಕೇಳಾಕ ಬಂದೀವೋ ಬೇಯಾಕ ಬಂದೀವೋ” ಅಂತ ಶುರು ಮಾಡಿದ್ದಳು. ಅವಳಿಗೆ ಮಂಡಿ ನೋವು. ನಮ್ಮದು ನಿಂತು ನೋಡುವ ಟಿಕೆಟ್, ಬಯಲು ಜಾಗ. ನಾನು ಅದನ್ನು ಅವಳಿಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಬರುತ್ತಿರಲಿಲ್ಲ.

ಆದರೆ ಅಕ್ಕ ನನಗಿಂತ ಜಾಣೆ. ಬ್ಯಾಗಿನಿಂದ ಮಡಚಿದ ಸಂಯುಕ್ತ ಕರ್ನಾಟಕ ತೆಗೆದಳು. ಬಸ್ಸಿನಲ್ಲಿ ಓದಲು ತಂದಿದ್ದು. ನೆಲದ ಮೇಲೆ ಹಾಸಿ ಕೂತೇಬಿಟ್ಟಳು. ಪಕ್ಕದಲ್ಲಿ ಒಬ್ಬ ಮರಾಠಿ ತಾಯಿ, ನಮ್ಮದೇ ವಯಸ್ಸು, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಅಕ್ಕ ಒಂದು ಹಾಳೆ ಹರಿದು ಅವರಿಗೂ ಹಾಸಿದಳು. ಆ ಹಾಳೆಯಲ್ಲಿ ಪುಟ ಪೂರ್ತಿ ಯಾರೋ ಅಭ್ಯರ್ಥಿಯ ಜಾಹೀರಾತು, ಕೈಮುಗಿದ ಫೋಟೊ. ಅವರು ಕೂರಲು ಹಿಂದೆಮುಂದೆ ನೋಡಿದರು. “ಬೈಠೋ ಬೈಠೋ, ಪಾಂಚ್ ಸಾಲ್ ಏ ಲೋಗ್ ಹಮಾರೇ ಊಪರ್ ಬೈಠತೇ” ಅಂದಳು ನಮ್ಮಕ್ಕ. ಅಲ್ಲಿಂದ ಆ ತಾಯಿ ನಮ್ಮ ಜೊತೆಗೇ.

ಸುತ್ತ ನೋಡಿದರೆ ಎಲ್ಲ ನಮ್ಮಂಥವರೇ. ಆಫೀಸ್ ಮುಗಿಸಿ ಐಡಿ ಕಾರ್ಡ್ ಕೊರಳಲ್ಲೇ ಬಂದ ಹೆಂಗಸರು. ಹೆಂಡತಿಯ ಪರ್ಸ್ ಹಿಡಿದುಕೊಂಡು ಮುಖ ಸಪ್ಪಗೆ ಮಾಡಿಕೊಂಡ ಗಂಡಂದಿರು. ಒಬ್ಬರು ಮನೆಗೆ ಫೋನ್ ಮಾಡಿ ಮಗುವಿಗೆ ಜ್ವರದ ಔಷಧಿ ಎಷ್ಟು ಎಂಎಲ್ ಅಂತ ಹೇಳುತ್ತಿದ್ದರು. ಮೂರು ಸಲ ಹೇಳಿದರು. ನಾಲ್ಕನೇ ಸಲ ಹೇಳುವಾಗ ವೇದಿಕೆಯ ದೀಪ ಆರಿತು. “ಐದು ಎಂಎಲ್” ಅಂತ ಕಿರುಚಿ ಫೋನ್ ಇಟ್ಟರು.

ಆಮೇಲೆ ಏನಾಯಿತು ಅಂತ ಸರಿಯಾಗಿ ಬರೆಯಲು ನನಗೆ ಬರಲ್ಲ. ‘ದ ಕಾಲ್’ ಬಂದಾಗ ಅಕ್ಕ ಪೇಪರ್ ಮೇಲಿನಿಂದ ಎದ್ದವಳು ಮತ್ತೆ ಕೂರಲೇ ಇಲ್ಲ. ಮಂಡಿ ಎಲ್ಲಿ ಹೋಯಿತೋ. ‘ಶೇಪ್ ಆಫ್ ಮೈ ಹಾರ್ಟ್’, ‘ಆ್ಯಸ್ ಲಾಂಗ್ ಆ್ಯಸ್ ಯು ಲವ್ ಮಿ’, ‘ಎವ್ರಿಬಡಿ’, ಒಂದಾದ ಮೇಲೊಂದು. ಹೊಸ ಹಾಡುಗಳೂ ಇದ್ದವು. ಆಗ ಜನ ನೀರು ಕುಡಿದರು. ಅದು ಸ್ವಲ್ಪ ಅನ್ಯಾಯವೇ, ಆದರೆ ನಿಜ.

ಒಂದು ವಿಷಯ ಮುಚ್ಚಿಡಲ್ಲ. ಬ್ರಯಾನ್ ದನಿ ಮೊದಲಿನ ಹಾಗಿಲ್ಲ. ನಮ್ಮ ಕ್ಯಾಸೆಟ್‌ನಲ್ಲಿ ಮೊದಲು ಕೇಳಿಸುತ್ತಿದ್ದದ್ದೇ ಆ ದನಿ. ಮೇಲಿನ ಸ್ವರಕ್ಕೆ ಹೋಗುವಾಗ ಬಿಗಿಯುತ್ತೆ, ಕೆಲವು ಕಡೆ ಗಾಳಿ ಮಾತ್ರ ಬರುತ್ತೆ. ಮೊದಲ ಸಲ ಕೇಳಿದಾಗ ನನ್ನ ಹೊಟ್ಟೆ ಕಿವುಚಿತು.

ಕೊನೆಕೊನೆಗೆ ‘ಐ ವಾಂಟ್ ಇಟ್ ದಟ್ ವೇ’. ಶುರುವಿನ ಗಿಟಾರ್ ತುಣುಕು ಬಂದದ್ದೇ ತಡ, ಇಡೀ ಮೈದಾನ ಹಾಡಿತು. ವೇದಿಕೆ ಮೇಲೆ ಅವರು ಹಾಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ, ನಮಗೆ ಕೇಳಿಸಲಿಲ್ಲ. ನೋಟ್‌ಬುಕ್ ತೆಗೆದು ಎದೆಗೆ ಹಿಡಿದುಕೊಂಡಿದ್ದೆ. ತೆರೆಯುವ ಅಗತ್ಯ ಬರಲಿಲ್ಲ. ಆ ಪದ ಬಂದಾಗ ಅಕ್ಕ, 41 ವರ್ಷದ ಹೆಂಗಸು, ಇಬ್ಬರು ಮಕ್ಕಳ ತಾಯಿ, ಕುತ್ತಿಗೆಯ ನರ ಉಬ್ಬಿಸಿ “ಹಾರ್ಡೆಗ್!” ಅಂತ ಕೂಗಿದಳು. ಈ ಸಲ ದನಿ ತಗ್ಗಿಸಲಿಲ್ಲ. ಮರಾಠಿ ತಾಯಿ ತಿರುಗಿ ನೋಡಿದರು. ಮುಂದಿನ ಸಲ ಆ ಸಾಲು ಬಂದಾಗ ಅವರೂ ಅದನ್ನೇ ಕೂಗಿದರು.

ಕುಡ್ಲದ_ಮೀನು

ಹಾರ್ಡೆಗ್!! ಆಫೀಸಿನಲ್ಲಿ ಓದಿ ನಕ್ಕು ಬಾಸ್ ಕೈಲಿ ಬೈಸಿಕೊಂಡೆ.

ಆರ್ಕೆಸ್ಟ್ರಾ_ಕೀಬೋರ್ಡ್

ಮಂಡ್ಯ ಕಡೆ ಗಣೇಶನ ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ಕೀಬೋರ್ಡ್ ನುಡಿಸಿದವನು ನಾನು. ಎರಡು ಮಾತು ಹೇಳಲೇಬೇಕು.

ಒಂದು, ನಿಮ್ಮ ಇಂಗ್ಲಿಷ್ ಮೇಷ್ಟ್ರು ಹೇಳಿದ್ದು ಸರಿ. ನಿಮ್ಮ ಬರವಣಿಗೆಯ ತಪ್ಪಲ್ಲ. ಆ ಹಾಡು ಹುಟ್ಟಿದ್ದು ಸ್ವೀಡನ್ನಿನಲ್ಲಿ, ಸ್ಟಾಕ್‌ಹೋಮ್‌ನ ಶೆರಾನ್ ಸ್ಟುಡಿಯೋದಲ್ಲಿ. ಬರೆದವರು ಮ್ಯಾಕ್ಸ್ ಮಾರ್ಟಿನ್ ಮತ್ತು ಆಂಡ್ರಿಯಾಸ್ ಕಾರ್ಲ್ಸನ್. ಇಬ್ಬರಿಗೂ ಇಂಗ್ಲಿಷ್ ಮನೆಮಾತಲ್ಲ. ಪದ ಹೇಗೆ ಕೇಳಿಸುತ್ತೆ ಅನ್ನುವುದಷ್ಟೇ ಅವರ ಲೆಕ್ಕ. ಒಂದು ಸಾಲಿನಲ್ಲಿ ‘ಅದು’ ಬೇಕು, ಇನ್ನೊಂದರಲ್ಲಿ ಅದೇ ‘ಅದು’ ಬೇಡ. ಕಂಪನಿಯವರಿಗೇ ಅರ್ಥ ಆಗದೆ, ಅರ್ಥ ಬರುವ ಹಾಗೆ ಸಾಹಿತ್ಯ ಬದಲಿಸಿ ಇನ್ನೊಂದು ರೆಕಾರ್ಡಿಂಗ್ ಕೂಡ ಮಾಡಿಸಿದರು. ಹಾಡಿದವರಿಗೇ ಅದು ಹಿಡಿಸಲಿಲ್ಲ. ಅರ್ಥವಿಲ್ಲದ್ದೇ ಇರಲಿ ಅಂದರು. ನೀವು ಕನ್ನಡ ಅಕ್ಷರದಲ್ಲಿ ಸದ್ದು ಬರೆದುಕೊಂಡಿರಿ, ಅವರು ಇಂಗ್ಲಿಷ್ ಅಕ್ಷರದಲ್ಲಿ ಸದ್ದು ಬರೆದಿದ್ದರು. ಅಷ್ಟೇ ವ್ಯತ್ಯಾಸ.

ಎರಡು, ಆ ಹಾಡಿನ ಕೊನೆಯಲ್ಲಿ ಸ್ಕೇಲ್ ಚೇಂಜ್ ಇದೆ. ಪೂರ್ತಿ ಒಂದು ಸ್ವರ ಮೇಲೆ ಹೋಗುತ್ತೆ. ಮೈದಾನಕ್ಕೆ ಮೈದಾನವೇ ಕೂಗುವುದು ಅಲ್ಲೇ. ಜನರಿಗೆ ಕಾರಣ ಗೊತ್ತಿರಲ್ಲ, ಮೈ ಜುಂ ಅನ್ನುತ್ತೆ. ನುಡಿಸುವವರಿಗೆ ಗೊತ್ತಿರುತ್ತೆ, ಹಾಡುವವರಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತೆ. ದಣಿದ ಗಂಟಲು ಅಲ್ಲಿಯೇ ಸಿಕ್ಕಿಬೀಳೋದು. ನಮ್ಮಲ್ಲಿ ಗಾಯಕರಿಗೆ ನೆಗಡಿ ಆದರೆ ಕೀಬೋರ್ಡ್‌ನಲ್ಲಿ ಟ್ರಾನ್ಸ್‌ಪೋಸ್ ಒತ್ತಿ ಅರ್ಧ ಸ್ವರ ಇಳಿಸುತ್ತಿದ್ದೆ. ಜನಕ್ಕೆ ತಿಳಿಯಲ್ಲ. ಒಮ್ಮೆ ಒತ್ತಲು ಮರೆತು ಗಾಯಕ ರಾತ್ರಿಯಿಡೀ ನನ್ನ ಜೊತೆ ಮಾತಾಡಲಿಲ್ಲ.

ಸುಮ್ನೆ_ಬಂದೆ

ದನಿ ಇಲ್ಲ ಅಂತ ನೀವೇ ಹೇಳುತ್ತೀರಿ. ಮತ್ತೆ ಅಷ್ಟು ದುಡ್ಡು ಕೊಟ್ಟು ಯಾಕೆ ಹೋಗಬೇಕು? ಅರ್ಧ ಟ್ರ್ಯಾಕ್, ಅರ್ಧ ಜನರ ಕೂಗು. ದನಿ ಹೋದ ಮೇಲೆ ಮರ್ಯಾದೆಯಾಗಿ ನಿಲ್ಲಿಸಬೇಕು.

ಮಾನಸಗಂಗೋತ್ರಿ

ನಾನು ಅವರ ಮಾತನ್ನು ಪೂರ್ತಿ ತಳ್ಳಿಹಾಕಲ್ಲ. 2017ರ ಅಕ್ಟೋಬರ್ 28ಕ್ಕೆ ಮೈಸೂರಿನ ಮಾನಸಗಂಗೋತ್ರಿ ಬಯಲು ರಂಗಮಂದಿರದಲ್ಲಿ ಎಸ್. ಜಾನಕಿ ಅಮ್ಮ ಹಾಡಿದಾಗ ನಾನಿದ್ದೆ. ಇದೇ ಕೊನೆಯ ವೇದಿಕೆ ಅಂತ ಮೊದಲೇ ಹೇಳಿ ಬಂದಿದ್ದರು. ಆಗ ಅವರಿಗೆ 79. ಸೆರಗು ಹೊದ್ದುಕೊಂಡು, ಕೈಯಲ್ಲಿ ಹಾಳೆ ಹಿಡಿದು ಹಾಡಿದರು. ಅಲ್ಲಲ್ಲಿ ಉಸಿರು ತೆಗೆದುಕೊಂಡರು, ಒಂದೂ ಸ್ವರ ಕೆಡಿಸಲಿಲ್ಲ. ಎದ್ದು ಬರುವಾಗ ಯಾರೂ ಯಾರ ಜೊತೆಯೂ ಮಾತಾಡಲಿಲ್ಲ. ಸಾಕು ಅನ್ನುವುದೂ ಒಂದು ವಿದ್ಯೆ. ಎಲ್ಲರಿಗೂ ಬರಲ್ಲ.

ಆರ್ಕೆಸ್ಟ್ರಾ_ಕೀಬೋರ್ಡ್

ಜಾನಕಮ್ಮ ಒಬ್ಬರೇ ಹಾಡುವವರು, ಅವರ ನಿರ್ಧಾರ ಅವರದು. ಇದು ಐದು ಜನರ ಗುಂಪು. ಒಬ್ಬರ ದನಿ ಬಿದ್ದರೆ ಇನ್ನು ನಾಲ್ಕು ದನಿ ಎತ್ತಿ ಹಿಡಿಯುತ್ತವೆ. ಕೋರಸ್ ಇರುವುದೇ ಅದಕ್ಕೆ.

ಟ್ರ್ಯಾಕ್ ವಿಷಯ: ಈಗಿನ ಪಾಪ್ ಕಾರ್ಯಕ್ರಮಗಳಲ್ಲಿ ಹಿಂದಿನಿಂದ ರೆಕಾರ್ಡ್ ಆದ ದನಿಯ ಪದರಗಳು ಬರುವುದು ಮಾಮೂಲು. ಆದರೆ ಬ್ರಯಾನ್ ಮೈಕ್ ತೆರೆದೇ ಇತ್ತು ಅನ್ನುವುದಕ್ಕೆ ಈ ತಂಗಿಯ ಹೊಟ್ಟೆ ಕಿವುಚಿದ್ದೇ ಸಾಕ್ಷಿ. ಪೂರ್ತಿ ಟ್ರ್ಯಾಕ್ ಆಗಿದ್ದರೆ ದನಿ 1999ರಷ್ಟೇ ಚೆಂದ ಕೇಳುತ್ತಿತ್ತಲ್ಲ?

ಲಂಡನ್_ಚಳಿ

ಕಳೆದ ವರ್ಷ ನವೆಂಬರ್ 6ಕ್ಕೆ ಇಲ್ಲಿನ ಓ2 ಅರೀನಾದಲ್ಲಿ ಇವರ ಇದೇ ‘ಡಿಎನ್‌ಎ’ ಹೆಸರಿನ ಪ್ರವಾಸದ ಕಾರ್ಯಕ್ರಮ ನೋಡಿದೆ. ಹಿಂದಿನ ದಿನವಷ್ಟೇ ನಿಕ್ ಅವರ ತಮ್ಮ ಆರನ್ ಕಾರ್ಟರ್ ತೀರಿಕೊಂಡಿದ್ದ. 34 ವರ್ಷ. ಕಾರ್ಯಕ್ರಮ ನಡೆಯಲ್ಲ ಅಂದುಕೊಂಡೇ ಹೋದೆವು. ನಡೆಯಿತು. ನಡುವೆ ಐದೂ ಜನ ಸಾಲಾಗಿ ನಿಂತರು, ಪರದೆ ಮೇಲೆ ಆರನ್ ಫೋಟೊ ಬಂತು. ನಿಕ್ ಕಣ್ಣೊರೆಸಿಕೊಳ್ಳುತ್ತಿದ್ದರು, ಉಳಿದವರು ಅಪ್ಪಿಕೊಂಡರು. ಆಮೇಲೆ ಮತ್ತೆ ಹಾಡಿದರು. ಅವತ್ತು ಯಾರ ಸ್ವರ ಎಲ್ಲಿ ಬಿತ್ತು ಅಂತ ನನಗೆ ನೆನಪಿಲ್ಲ. ನನ್ನ ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನಗೆ ಟಿಶ್ಯೂ ಕೊಟ್ಟದ್ದು ನೆನಪಿದೆ. ಲಂಡನ್‌ನಲ್ಲಿ ಅದೇ ದೊಡ್ಡ ವಿಷಯ.

ಸುಮ್ನೆ_ಬಂದೆ

ಅದು ಬೇರೆ, ಇದು ಬೇರೆ. ದುಃಖಕ್ಕೂ ಸ್ವರಕ್ಕೂ ಗಂಟು ಹಾಕಬೇಡಿ.

ಇನ್ನೂರು_ಪುಟ
11 ಮೇ 2023

ಡ್ಯೂಟಿ ಮುಗಿಸಿ ನಿನ್ನೆ ರಾತ್ರಿ ತಡವಾಗಿ ಮನೆ ಸೇರಿದೆ. ಈಗ ನನ್ನ ಗಂಟಲೂ ಕೂತಿದೆ, ಅದಕ್ಕೇ ಈ ಉತ್ತರ ಬರೆಯಲು ಸರಿಯಾದ ಸಮಯ.

ಬ್ರಯಾನ್‌ಗೆ ಇರುವುದು ಗಂಟಲ ಸ್ನಾಯು ಬಿಗಿಯುವ ತೊಂದರೆ. ಮಸಲ್ ಟೆನ್ಶನ್ ಡಿಸ್ಫೋನಿಯಾ ಅಂತಾರೆ. ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. 2015ರಲ್ಲಿ ಬಂದ ತಂಡದ ಸಾಕ್ಷ್ಯಚಿತ್ರದಲ್ಲಿ ಇದೇ ವಿಷಯಕ್ಕೆ ನಿಕ್ ಮತ್ತು ಬ್ರಯಾನ್ ಜಗಳವಾಡುವುದೂ ಇದೆ, ಕತ್ತರಿಸದೆ ತೋರಿಸಿದ್ದಾರೆ. ಅದಕ್ಕೂ ಮೊದಲು, 1998ರಲ್ಲಿ, ಅವರ ಹೃದಯದ ಆಪರೇಷನ್ ಆಗಿತ್ತು, ಹುಟ್ಟಿನಿಂದಲೇ ರಂಧ್ರ ಇತ್ತಂತೆ. ಅದಾದ ಮರುವರ್ಷವೇ ನಮ್ಮ ಕ್ಯಾಸೆಟ್ ಬಂದದ್ದು. ನಮಗೇನು ಗೊತ್ತಿತ್ತು, ಬಿಳಿ ಬಟ್ಟೆ ನೋಡಿಕೊಂಡು ಕೂತಿದ್ದೆವು.

ನಾನು 15 ವರ್ಷದಿಂದ ಪಾಠ ಮಾಡುತ್ತಿದ್ದೇನೆ. 60 ಮಕ್ಕಳು, ಫ್ಯಾನಿನ ಸದ್ದು, ಪಕ್ಕದ ಕ್ಲಾಸಿನ ಗಲಾಟೆ. ಮೂರು ವರ್ಷದ ಹಿಂದೆ ದನಿ ಪೂರ್ತಿ ಹೋಗಿತ್ತು. ಡಾಕ್ಟರು ಎರಡು ವಾರ ಮಾತಾಡಬೇಡಿ ಅಂದರು. ಈಗಲೂ ಮೂರನೇ ಪೀರಿಯಡ್‌ಗೆ ಬರುವಷ್ಟರಲ್ಲಿ ಗಾಳಿ ಮಾತ್ರ. ಪದ್ಯ ಹೇಳಿಕೊಡುವಾಗ ನಾನು ಅರ್ಧಕ್ಕೆ ನಿಲ್ಲಿಸುತ್ತೇನೆ, ಉಳಿದರ್ಧ ಮಕ್ಕಳೇ ಕೂಗುತ್ತಾರೆ. ಮೊದಲು ನಾಚಿಕೆ ಆಗುತ್ತಿತ್ತು. ಬಿಕೆಸಿಯಲ್ಲಿ ಬ್ರಯಾನ್ ಮೈಕ್ ನಮ್ಮ ಕಡೆ ಹಿಡಿದಾಗ ನಾನು ಕೂಗಿದ್ದು ಅಭಿಮಾನದಿಂದ ಮಾತ್ರ ಅಲ್ಲ. ಆ ಕೈ ನನಗೆ ಗೊತ್ತು. ದಿನಾ ಮೂರನೇ ಪೀರಿಯಡ್‌ನಲ್ಲಿ ನಾನೂ ಹಾಗೇ ಹಿಡಿಯುತ್ತೇನೆ, ಮೈಕ್ ಇರಲ್ಲ ಅಷ್ಟೇ.

ಜಾನಕಮ್ಮ ನಿಲ್ಲಿಸಿದ್ದು ಸರಿ. ಇವರು ನಿಲ್ಲಿಸದೇ ಇರುವುದೂ ನನಗೆ ಸರಿ. @ಸುಮ್ನೆ_ಬಂದೆ, ನೀವು ಒಪ್ಪಬೇಕಾಗಿಲ್ಲ.

ಸುಮ್ನೆ_ಬಂದೆ

ಒಪ್ಪಲ್ಲ. ಆದರೆ ಬಿಸಿನೀರಿಗೆ ಜೇಷ್ಠಮಧು ಹಾಕಿ ಕುಡಿಯಿರಿ ಮೇಡಂ. ನಮ್ಮಮ್ಮನೂ ಟೀಚರ್ ಆಗಿದ್ದರು.

ಜಯನಗರ_4ನೇ_ಬ್ಲಾಕ್

ಅಯ್ಯೋ, ಸುಮ್ನೆ_ಬಂದೆ ಅವರಿಗೂ ಹೃದಯ ಇದೆ!

ಜನ ಹಾಡುವ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ಅವರ ‘ಕನ್ನಡವೇ ಸತ್ಯ’ಕ್ಕೆ ಅಪ್ಪ ಕರೆದುಕೊಂಡು ಹೋಗಿದ್ದರು. ಅಶ್ವಥ್ ಕೈ ಎತ್ತಿದರೆ ಮೈದಾನ ಹಾಡುತ್ತಿತ್ತು, ಕೈ ಇಳಿಸಿದರೆ ನಿಲ್ಲಿಸುತ್ತಿತ್ತು. ರೋಲಿಂಗ್ ಸ್ಟೋನ್ಸ್‌ಗೂ ಅಷ್ಟು ಜೋರು ಕೇಳಿರಲಿಲ್ಲ ನಾನು.

ಕ್ಯಾಸೆಟ್_ಮಾಮ

ತಂಗೀ, ಒಂದು ಪ್ರಶ್ನೆ ಉಳಿಯಿತು. ನಿಮ್ಮ ಲೆಕ್ಕದಲ್ಲಿ ಹದಿಮೂರನೇ ಹಾಡು ಇದೆಯಲ್ಲ. ಮುಂಬೈಯಲ್ಲಿ ಅದು ಬರಲಿಲ್ಲ, ಅಲ್ವಾ?

ಇನ್ನೂರು_ಪುಟ

ಮಾಮ, ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಕೇಳಿದಿರಿ, ಹೇಳುತ್ತೇನೆ.

ಅವರು ಕೊನೆಗೆ ಹಾಡಿದ್ದು ‘ಲಾರ್ಜರ್ ದ್ಯಾನ್ ಲೈಫ್’. ನಮ್ಮ ಕ್ಯಾಸೆಟ್‌ನಲ್ಲಿ ಮೊದಲನೆಯದು, ಅಲ್ಲಿ ಕೊನೆಯದು. ಮುಗಿಯಿತು, ಬಾಗಿ ನಮಸ್ಕಾರ ಮಾಡಿದರು, ದೀಪ ಹತ್ತಿತು. ಜನ ಗೇಟಿನ ಕಡೆ ತಿರುಗಿದರು. ನಾನೂ ಅಕ್ಕನೂ ಅಲ್ಲೇ ನಿಂತಿದ್ದೆವು. ಯಾಕೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಮರಾಠಿ ತಾಯಿ “ಚಲಾ” ಅಂದರು. ನಾವು ಕದಲಲಿಲ್ಲ. ಆಗ ಅಕ್ಕ ನನ್ನ ಮುಖ ನೋಡಿದಳು. “ಸುಯ್ ಅನ್ನೋದ ಬಂತು, ಇನ್ನ ಅಣ್ಣಾವ್ರ ಬರಲಿಲ್ಲಲ್ಲ” ಅಂದಳು.

ಆಟೋ ಸಿಗಲಿಲ್ಲ, ಕುರ್ಲಾ ಕಡೆ ನಡೆದೆವು. ಮಂಡಿ ನೋವು ವಾಪಸ್ ಬಂದಿತ್ತು, ಅಕ್ಕ ನನ್ನ ಹೆಗಲು ಹಿಡಿದು ಕುಂಟುತ್ತಿದ್ದಳು. ಸುತ್ತ ಗಾಜಿನ ಕಟ್ಟಡಗಳು, ಬ್ಯಾಂಕುಗಳ ಬೋರ್ಡು. ಅಕ್ಕ ಹಾಡಲು ಶುರು ಮಾಡಿದಳು. ಜಟಕಾ ಬಂಡಿಯ ಲಯಕ್ಕೆ ಅವಳ ಕುಂಟು ಸರಿಹೊಂದಿತು, ನಗಬೇಡಿ. ಹಾಡು ಮುಗಿಸಿದಳು. ಮುಂದಿನ ಹಾಡಿನ ಪಲ್ಲವಿ ಅರ್ಧ ಹಾಡಿ ಟಕ್ ಅಂತ ನಿಲ್ಲಿಸಿದಳು, ಟೇಪಿನಲ್ಲಿ ನಿಲ್ಲುತ್ತಿದ್ದ ಜಾಗದಲ್ಲೇ.

ಕ್ಯಾಸೆಟ್_ಮಾಮ

ಆ ಹುಬ್ಬಳ್ಳಿ ಅಂಗಡಿಯವನಿಗೆ ನನ್ನದೊಂದು ಸಲಾಮು.

ಡಲ್ಲಾಸ್_ದೋಸೆ
28 ಜುಲೈ 2025

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ಮೊನ್ನೆ ಲಾಸ್ ವೇಗಸ್‌ನ ಸ್ಫಿಯರ್‌ನಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ನೋಡಿ ಬಂದೆ. ಈ ತಿಂಗಳು ಶುರುವಾದ ‘ಇನ್‌ಟು ದ ಮಿಲೆನಿಯಂ’. ಹೆಸರೇ ಹೇಳುವ ಹಾಗೆ ಎಲ್ಲ ನಿಮ್ಮ ಕ್ಯಾಸೆಟ್ ನೆನಪಲ್ಲಿ. ನೋಡಲು ಬಂದವರೆಲ್ಲ ಆ ಕವರ್‌ನ ಹಾಗೆ ಬಿಳಿ ಬಟ್ಟೆ ಹಾಕಿದ್ದರು. ನನ್ನ ಹತ್ತಿರ ಬಿಳಿ ಅಂದರೆ ಮದುವೆಯ ರೇಷ್ಮೆ ಪಂಚೆ ಮತ್ತು ಶರ್ಟ್ ಮಾತ್ರ, ಅದನ್ನೇ ಉಟ್ಟು ಹೋದೆ. ನಾಲ್ಕೈದು ಜನ ಫೋಟೊ ತೆಗೆಸಿಕೊಂಡರು. ತಲೆಯ ಮೇಲೆ, ಪಕ್ಕದಲ್ಲಿ, ಎಲ್ಲ ಕಡೆ ಪರದೆ, ಆಕಾಶದಲ್ಲಿ ತೇಲುತ್ತಿರುವ ಹಾಗೆ. ಸ್ವಲ್ಪ ತಲೆ ಸುತ್ತಿತು.

ಆ ಪದ ಬಂದಾಗ ನಾನು ಕೂಗಿದೆ ಮೇಡಂ. ಯಾವ ಪದ ಅಂತ ಗೊತ್ತಲ್ಲ. ಅಕ್ಕ ಹೇಗಿದ್ದಾರೆ? ನೋಟ್‌ಬುಕ್ ಇದೆಯಾ?

ಇನ್ನೂರು_ಪುಟ

ಪಂಚೆ! ಅಕ್ಕನಿಗೆ ಓದಿ ಹೇಳಿದೆ, ಬಿದ್ದೂ ಬಿದ್ದೂ ನಕ್ಕಳು. ಮಂಡಿ ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು, ಈಗ ಮೆಟ್ಟಿಲು ಹತ್ತುತ್ತಾಳೆ.

ನೋಟ್‌ಬುಕ್ ಇದೆ, ಆದರೆ ಅದರಿಂದ ಮನೆಯಲ್ಲಿ ಒಂದು ಗಲಾಟೆ ಆಯಿತು. ನನ್ನ ಮಗಳು ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ರಜೆಯಲ್ಲಿ ಕಪಾಟಿನಿಂದ ತೆಗೆದು ಓದಿದ್ದಾಳೆ. ಟೀಚರ್ ಮಗಳಲ್ವಾ, ನನ್ನದೇ ಕೆಂಪು ಪೆನ್ನು ತೆಗೆದುಕೊಂಡು ಹನ್ನೆರಡೂ ಹಾಡು ತಿದ್ದಿದ್ದಾಳೆ. ‘ಹಾರ್ಡೆಗ್’ ಹೊಡೆದುಹಾಕಿ ಮೇಲೆ ಸರಿಯಾದ ಪದ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಪುಟದ ಕೊನೆಗೆ ಹತ್ತಕ್ಕೆ ನಾಲ್ಕು ಅಂಕ.

ಅಕ್ಕ ಬಂದಾಗ ತೋರಿಸಿದೆ. ಏನೂ ಮಾತಾಡಲಿಲ್ಲ. ಕನ್ನಡಕ ಹಾಕಿಕೊಂಡು, ಬಾಲ್ ಪೆನ್ನಿನಿಂದ ಆ ಕೆಂಪು ಗೆರೆಯ ಕೆಳಗೆ ದಪ್ಪ ಅಕ್ಷರದಲ್ಲಿ ಮತ್ತೆ ‘ಹಾರ್ಡೆಗ್’ ಅಂತ ಬರೆದಳು. ನಾಲ್ಕು ಅಂಕವನ್ನೂ ಹೊಡೆದುಹಾಕಿದಳು.